ಮಗಳ ಮನೀಗೆ ಹೋಗೂ ದಾರಿ

ಕೇಳಿದ್ರೇನ ಕಾಕಾ, ಬೆಂಗಳೂರಾಗಿರೂ ನಮ್ಮ ಅಣ್ಣನ ಮಗ ಟ್ರೆಕ್ಕಿಂಗಿಗೆ ಹೊಂಟಾನಂತ. ಎಷ್ಟ ದೂರಪಾ ಅಂದ್ರ 12 ಕಿಲೋಮೀಟರ್! ಅದಕ್ಕ ಬ್ಯಾರೆ ಬೂಟು, ಬ್ಯಾರೆ ಚೀಲ, ಬ್ಯಾರೆ ಕೋಲು. ನಮ್ಮ ಜಮಖಂಡಿ, ಮುಧೋಳ, ಬನಹಟ್ಟಿ ಕಡೆ ಮಂದಿ ಯುಗಾದಿ ಮುಂದ ಕಂಬಿ ಹೊತ್ಕೊಂಡು ಶ್ರೀಶೈಲಕ್ಕ ಹೊಂಟ್ರ 400 ಕಿಲೋಮೀಟರಿಗೂ ಮಿಕ್ಕಿ ನಡೀತಾರ. ಮರಗಾಲು ಕಟ್ಕೊಂಡು ಹೋಗಾವ್ರೂ ಅದಾರ.

ಗುಡ್ಡ ಭಾಳ ಎತ್ತರ ಏನಲ್ಲ ಬಿಡ್ರಿ. ಶಿಖರೇಶ್ವರನ ನೆತ್ತಿ 2,800 ಅಡಿ ಆಸುಪಾಸು. ಅಲ್ಲಿ ನಂದಿ ಕೋಡಿನ ನಡುವ ಹಣಿಕಿ ಹಾಕಿ ಗುಡಿ ಗೋಪುರ ಕಂಡ್ರ ಮತ್ತ ಹುಟ್ಟಂಗಿಲ್ಲ ಅಂತಾರ. ಆದ್ರ ಕಾಲಿನ ಪರೀಕ್ಷೆ ಇರೂದು ಭೀಮನ ಕೊಳ್ಳದಾಗ. ಆತ್ಮಕೂರು ದಾಟಿ, ವೆಂಕಟಾಪುರದಿಂದ ನಲ್ಲಮಲ ಅಡವಿ ಹೊಕ್ಕು, ನಾಗಲೂಟಿ, ಪೆಚ್ಚೆರುವು ಕಳದ್ರ ಆ ಕೊಳ್ಳ ಬರತೈತಿ. ಕಡಿದಾಗಿ ಇಳೀಬೇಕು, ಹಂಗ ಏರಬೇಕು. ಕೈಲಾಸದ್ವಾರ ಮುಟ್ಟೂದ್ರಾಗ ‘ಮಲ್ಲಯ್ಯಾ’ ಅನ್ನಾಕೂ ಉಸರು ಉಳಿದಿರಂಗಿಲ್ಲ. 14ನೇ ಶತಮಾನದಾಗ ರೆಡ್ಡಿ ಅರಸ ಪ್ರೋಲಯ ವೇಮ ಶ್ರೀಶೈಲಕ್ಕ ಪಾವಟಿಗಿ ಕಟ್ಟಿಸಿದ್ನಂತ, ಪುಣ್ಯಾತ್ಮ. ನಮ್ಮ ಕೃಷ್ಣಾ ಹೊಳಿನೂ ಅಲ್ಲಿಗೇ ಹೋಗಿ ಪಾತಾಳಗಂಗಿ ಅನ್ನಿಸ್ಕೊಳ್ಳತೈತಿ ಖರೆ, ಆದ್ರ ಬುಡದಾಗ ಹರದ ಹೋಗತೈತಿ. ಏರೂ ತ್ರಾಸು ನಮಗಷ್ಟ.

ಯಾಕ ಏರತಾರ ಅಂತೀರಿ? ಭ್ರಮರಾಂಬಾ ನಮ್ಮ ಮನೀ ಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕ ಮಗಳಿಗೆ ಸೀರಿ, ಬಳಿ ಒಯ್ಯಬ್ಯಾಡೇನು? ಅತ್ತ ಅಡವ್ಯಾಗಿನ ಚೆಂಚು ಮಂದಿನೂ ತಮ್ಮ ಹುಡಿಗಿನ್ನ ಲಗ್ನ ಆಗ್ಯಾನ, ನಮ್ಮಳಿಯ ಅಂತಾರ. ಎರಡೂ ಕಡೆ ಬೀಗರನ್ನ ಸಂಭಾಳಿಸ್ಕೊಂಡು ಕುಂತಾನ ಮಲ್ಲಯ್ಯ, ಶಾಣ್ಯಾ!

ಅಮೆರಿಕದಾಗ ಅಪಲೇಚಿಯನ್ ಅಂತ ಗುಡ್ಡದ ಸಾಲಿನ ಮ್ಯಾಲ ಸುಮಾರು 3,500 ಕಿಲೋಮೀಟರ್ ಕಾಲುದಾರಿ ಐತಂತ. ಅಲ್ಲೂ ದಾರ್ಯಾಗ ಗುರ್ತಿಲ್ಲದ ಮಂದಿ ಉಣ್ಣಾಕ ಕೊಡ್ತಾರಂತ. ನಮ್ಮ ಕಡೆ ಅದು ದಾಸೋಹ. ರೊಟ್ಟಿ, ಶೇಂಗಾ ಚಟ್ನಿ, ಮಜ್ಜಗಿ ಕೊಟ್ಟು, ಗುಳ್ಳಿ ಎದ್ದ ಕಾಲಿಗೆ ಮುಲಾಮು ಹಚ್ಚಿ ಕಳಸ್ತಾರ. ಒಂದ ನನಗ ಸೇರಂಗಿಲ್ಲ ನೋಡ್ರಿ: ಹುಲಿ ಇರೂ ಅಡವ್ಯಾಗ ನೀರಿನ ಬಾಟ್ಲಿ ಒಗದು ಹೋಗೂದು. ಮಗಳ ಹಿತ್ತಲದಾಗ ಕಸಾ ಚೆಲ್ಲತಾರೇನ್ರಿ?

ಆತ್ಮಕೂರತನಕ ಗಾಡ್ಯಾಗ ಹೋಗಿ, ಅಡವಿ ಅಷ್ಟ ನಡಿಯಾವ್ರಿಗೆ ಹಿರ್ಯಾರು ಮೂಗು ಮುರೀತಾರ. ನಾ ಹಂಗನ್ನಂಗಿಲ್ಲ. ವಾಪಸ್ ಬರಾಗ ಎಲ್ಲಾರೂ ಬಸ್ಸಿನ್ಯಾಗ ಕಿಡಕಿ ಸೀಟಿಗೆ ಜಗಳಾಡೂದು ಇದ್ದದ್ದ.