ಗ್ಯಾಸ್ ಗುಂಡಿಗೂ ಮಡಿ

ಮೀಥೇನ್ ಹುಟ್ಟದಂತೆ ತಡೆಯಲು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬ್ರೋಮೋಈಥೇನ್‌ಸಲ್ಫೋನೇಟ್ ಎಂಬ ದುಬಾರಿ ರಾಸಾಯನಿಕವನ್ನು ತೂಗಿ ತೂಗಿ ಹಾಕುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನವರು ಅದೇ ಕೆಲಸವನ್ನು ಯಾವ ಅನುದಾನವನ್ನೂ ಕೇಳದೆ ಬಕೆಟ್ಟುಗಟ್ಟಲೆ ಮಾಡಿ ಮುಗಿಸಿದ್ದಾರೆ.

ಶೌಚದ ನೀರನ್ನೆಲ್ಲ ಗಾಳಿಯಾಡದ ಟ್ಯಾಂಕಿಗೆ ಬಿಟ್ಟು, ಅಲ್ಲಿ ಹುಟ್ಟುವ ಗ್ಯಾಸಿನಲ್ಲಿ ಕ್ಲಬ್ ಹೌಸಿನ ಕಾಫಿ ಕಾಯಿಸುವುದು ಸಂಘದ ಯೋಜನೆ. ರಿಬ್ಬನ್ ಕತ್ತರಿಸಿದ್ದಾಯಿತು, ಶಾಲು ಹೊದಿಸಿದ್ದಾಯಿತು. ಒಲೆ ಮಾತ್ರ ಹತ್ತಲಿಲ್ಲ. ಅಧ್ಯಕ್ಷರು ಗುತ್ತಿಗೆದಾರನನ್ನು ಬೈದರು, ಗುತ್ತಿಗೆದಾರ ಬ್ಯಾಕ್ಟೀರಿಯಾಗಳನ್ನು ಬೈದ. ಅಸಲಿಗೆ ಮೀಥೇನ್ ಮಾಡುವವು ಬ್ಯಾಕ್ಟೀರಿಯಾಗಳೇ ಅಲ್ಲ, ಆರ್ಕಿಯಾಗಳು; ಅವುಗಳ ಕುಲವೇ ಬೇರೆಯೆಂದು ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲೇ ತೋರಿಸಿದ್ದರು. ಬೈಗುಳವೂ ತಪ್ಪು ವಿಳಾಸಕ್ಕೆ ಹೋಯಿತು.

ಬೆಳಿಗ್ಗೆ ಫಿನಾಯಿಲ್, ಮಧ್ಯಾಹ್ನ ಆಸಿಡ್, ಸಂಜೆಗೆ ಬ್ಲೀಚಿಂಗ್ ಪೌಡರ್: ನಮ್ಮ ಕಮೋಡುಗಳ ತ್ರಿಕಾಲ ಪೂಜೆ ಇದು. ಮೂರನೇ ಮಹಡಿಯಲ್ಲಿ ಕೆಲಸದಾಕೆ, "ಅಕ್ಕಾ, ಕೈ ಉರೀತದೆ" ಅಂದಳು. "ಉರಿದ್ರೇನೇ ಕ್ರಿಮಿ ಸಾಯೋದು ಕಣಮ್ಮ, ಇನ್ನೊಂದು ಮುಚ್ಚಳ ಹಾಕು."

ಸತ್ತವು. ಮೀಥೇನ್ ಮಾಡುವ ಬಡಪಾಯಿಗಳಿಗೆ ಪಿಎಚ್ 7ರ ಆಸುಪಾಸೇ ಇರಬೇಕು, 6.5ಕ್ಕಿಂತ ಕೆಳಗಿಳಿದರೆ ಕೈಕಾಲು ಆಡುವುದಿಲ್ಲ. ಕ್ಲೋರಿನ್ನಿಗೆ ಕೊಳಕು ಸೇರಿದರೆ ಚೂರುಪಾರು ಕ್ಲೋರೋಫಾರ್ಮ್ ಹುಟ್ಟುತ್ತದೆ. ಲೀಟರಿಗೆ ಕೆಲವೇ ಮಿಲಿಗ್ರಾಂ ಅವನ್ನು ಮಲಗಿಸಲು ಸಾಕು. ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳದ್ದೋ ದಪ್ಪ ಚರ್ಮ, ಅವು ದುಡಿಯುತ್ತಲೇ ಇರುತ್ತವೆ. ಅರ್ಜಿ ತೆಗೆದುಕೊಳ್ಳುವ ಕೌಂಟರ್ ತೆರೆದಿದೆ, ಸಹಿ ಹಾಕುವ ಸಾಹೇಬರು ರಜೆ. ಟ್ಯಾಂಕು ಹುಳಿಯಾಗದೆ ಇನ್ನೇನಾದೀತು?

ಅಧ್ಯಕ್ಷರು ಸೋಲೊಪ್ಪುವ ಕುಳವಲ್ಲ. "ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತೆ. ನಾವದನ್ನ ಹುಟ್ಟೋಕೇ ಬಿಟ್ಟಿಲ್ಲ! ಕಾರ್ಬನ್ ಕ್ರೆಡಿಟ್ ಕೇಳೋಣ" ಎಂದು ವಾಟ್ಸ್ಆ್ಯಪ್‌ನಲ್ಲಿ ಹಾಕಿದರು. ಹಸುಗಳ ತೇಗಿನ ಮೀಥೇನ್ ತಗ್ಗಿಸುವ ಮೇವಿನ ಪುಡಿಗೆ 2022ರಲ್ಲಿ ಯುರೋಪ್ ಒಪ್ಪಿಗೆ ಕೊಟ್ಟಿದೆಯಲ್ಲ, ನಾವೇನು ಹಸುಗಳಿಗಿಂತ ಕಡಿಮೆಯೇ ಎಂದರು ಕಾರ್ಯದರ್ಶಿ. ನಲವತ್ತು ಹೆಬ್ಬೆರಳು ಬಿದ್ದವು.

ಗ್ಯಾಸ್ ನಿಂತಿತು, ಹೊಲಸು ನಿಂತಿಲ್ಲವಲ್ಲ! ಅದು ಜೀರ್ಣವಾಗದೆ, ಕೊಳೆತ ಮೊಟ್ಟೆಯ ವಾಸನೆ ಬೀರುತ್ತ ರಾತ್ರೋರಾತ್ರಿ ರಾಜಕಾಲುವೆ ಸೇರಿ ಕೆರೆಗಿಳಿಯಿತು. ಕೆರೆಯ ತಳದ ಕೆಸರನ್ನು ಫಿನಾಯಿಲ್ ಹಾಕಿ ಒರೆಸುವವರಿಲ್ಲ. ಅಲ್ಲಿ ಮೀಥೇನ್ ಆರಾಮಾಗಿ ಹುಟ್ಟುತ್ತದೆ. 2015, 2017, 2018ರಲ್ಲಿ ಬೆಳ್ಳಂದೂರು ಕೆರೆ ಹೊತ್ತಿಕೊಂಡಾಗ ಕಾರಣ ಮೀಥೇನೋ, ಕಸವೋ, ಒಣಗಿದ ಕಳೆಯೋ ಎಂದು ಜೋರು ವಾದ ನಡೆಯಿತು. ಕೆರೆಗೆ ಬಂದ ಹೊಲಸು ತನ್ನದೆಂದು ಯಾವ ಸಂಘವೂ ಕೈ ಎತ್ತಿದ್ದು ನಾನು ಕಾಣೆ.

ಕೊನೆಗೆ ಟ್ಯಾಂಕ್ ನೋಡಿಕೊಳ್ಳುವ ಹುಡುಗ, "ಆಸಿಡ್ ನಿಲ್ಲಿಸಿ ಸಾರ್, ನಾಲ್ಕು ಡ್ರಮ್ ಸಗಣಿ ನೀರು ಹಾಕೋಣ" ಎಂದ. ಮಹಾಸಭೆ ಸೇರಿತು. ಆಸಿಡ್ ವಿಷಯವನ್ನು ಉಪಸಮಿತಿಗೆ ವಹಿಸಲಾಯಿತು. ಸಗಣಿಗೆ ಒಪ್ಪಿಗೆ ಸಿಕ್ಕಿತು. ಗೇಟಿನಲ್ಲೇ ಪ್ರತಿ ಡ್ರಮ್ಮಿಗೂ ಬ್ಲೀಚಿಂಗ್ ಪೌಡರ್ ಬೆರೆಸಿ ಶುದ್ಧ ಮಾಡಿಯೇ ಒಳಬಿಡತಕ್ಕದ್ದು ಎಂಬ ತಿದ್ದುಪಡಿಯೊಂದಿಗೆ.