ಹಿಂಬದಿ ತೋರಿಸಿ ವೈನಿ

ಹೊಲಿಗೆಯ ಮಾದರಿ ಬಟ್ಟೆಗೆ ಗಾಜಿನ ಫ್ರೇಮ್ ಹಾಕಿಸಬೇಡಿ ಎಂದು ಕಂಡವರಿಗೆಲ್ಲ ಹೇಳುತ್ತ ಬಂದವಳು ನಾನು. ಪಕ್ಕದ ಮನೆಯ ವೈನಿಗೂ ಅದನ್ನೇ ಹೇಳಿದೆ. ಧಾರವಾಡ ಅವರ ತವರು. ಶಾಲೆಯಲ್ಲಿದ್ದಾಗ ಮ್ಯಾಟಿ ಬಟ್ಟೆಯ ಮೇಲೆ ಹಾಕಿದ ಕಸೂತಿ ಟ್ರಂಕಿನ ತಳದಲ್ಲಿ ಸಿಕ್ಕಿತಂತೆ. ಕಂಪೌಂಡಿನ ಮೇಲಿಂದ ಚಾಚಿ, “ಇದಕ್ಕೊಂದು ಫ್ರೇಮ್ ಹಾಕಿಸಿ ಹಾಲಿನ್ಯಾಗ ಹಚ್ಚಬೇಕಂತ ಮಾಡೀನ್ರಿ” ಅಂದರು. ಹಿಂಬದಿ ತೋರಿಸಿ ವೈನಿ ಅಂದೆ. ತಿರುಗಿಸಿದರು. ಗೋಪುರ ಈಚೆ ಹೇಗಿತ್ತೋ ಆಚೆಯೂ ಹಾಗೇ. ಒಂದು ಗಂಟಿಲ್ಲ, ಜೋತುಬಿದ್ದ ಒಂದು ದಾರವಿಲ್ಲ. ಇಂಥದ್ದನ್ನು ಗೋಡೆಗೆ ಒತ್ತಿ ಮುಚ್ಚಿಬಿಡಲು ಯಾರಿಗಾದರೂ ಮನಸ್ಸು ಬಂದೀತೇ?

ಗವಂತಿ ಹೊಲಿಗೆ ಹಾಕಿದವರಿಗೆ ಆ ಹಿಂಬದಿಯ ಬೆಲೆ ಗೊತ್ತು. ಬಟ್ಟೆಯ ಎಳೆ ಎಣಿಸಿಯೇ ಸೂಜಿ ಇಳಿಸಬೇಕು. ಹೋಗುವಾಗ ಒಂದು ಹೊಲಿಗೆ ಹಾಕು, ಒಂದು ಬಿಡು. ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬು. ಆಗ ಗೆರೆ ಎರಡೂ ಬದಿಗೆ ಒಂದೇ ಸಮ ಕೂಡಿಕೊಳ್ಳುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಗೋಪುರಕ್ಕೆ ಕವಲುಗಳಿವೆ, ಮೆಟ್ಟಿಲುಗಳಿವೆ, ನೆತ್ತಿಯಲ್ಲಿ ಕಳಸವಿದೆ. ಪ್ರತಿ ಕವಲಿಗೂ ಹೋಗಿ ಬಂದು, ಕೊನೆಗೆ ಹೊರಟ ಜಾಗಕ್ಕೇ ಸೂಜಿ ಮರಳಬೇಕು. ದಾರಿಯನ್ನು ಮೊದಲೇ ತಲೆಯಲ್ಲಿ ನಡೆದು ನೋಡಿರಬೇಕು. ನಡುವೆ ಒಂದೇ ಒಂದು ಎಳೆ ತಪ್ಪಿದರೂ ಎಡದ ಗೆರೆ ಬಲದ ಗೆರೆಯನ್ನು ಕಳಸದಲ್ಲಿ ಸಂಧಿಸುವುದಿಲ್ಲ; ತಪ್ಪಿದ ಕಡೆಯವರೆಗೂ ಬಿಚ್ಚಲೇಬೇಕು. ಮುರ್ಗಿಯದೂ ಇದೇ ಶಿಸ್ತು, ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ಮತ್ತು ಮೆಂತೆ ಮಾತ್ರ ಎರಡೂ ಬದಿಗೆ ಒಂದೇ ಥರ ಬರುವುದಿಲ್ಲ. ಕಸೂತಿಯ ಈ ನಾಲ್ಕೂ ಹೊಲಿಗೆಗಳು ವೈನಿಯ ಬಟ್ಟೆಯ ಮೇಲೆ ಸಾಲಾಗಿ ಇದ್ದವು.

ಗವಂತಿಯಂಥದ್ದೇ ಹೊಲಿಗೆಗೆ ಇಂಗ್ಲೆಂಡಿನವರು ಹೋಲ್ಬೈನ್ ಎಂಬ ಚಿತ್ರಕಾರನ ಹೆಸರಿಟ್ಟಿದ್ದಾರೆ. ಎಂಟನೇ ಹೆನ್ರಿಯ ಆಸ್ಥಾನದವರನ್ನು ಆತ ಬರೆದ ಚಿತ್ರಗಳಲ್ಲಿ ಅಂಗಿಯ ಕೈಪಟ್ಟಿಯ ಹೊಲಿಗೆಯೂ ಒಂದೊಂದಾಗಿ ಕಾಣುತ್ತದೆ. 1536ರ ಸುಮಾರಿಗೆ ಬರೆದ ರಾಣಿ ಜೇನ್ ಸೀಮೋರಳ ಚಿತ್ರ ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿದೆ. ಅವಳ ಮುಂಗೈ ಬಳಿ ಬಿಳಿ ಬಟ್ಟೆಯ ಮೇಲೆ ಕಪ್ಪು ರೇಷ್ಮೆಯ ಕೆಲಸ ನೋಡಿ. ಕೈಪಟ್ಟಿ, ಕೊರಳಪಟ್ಟಿಗಳ ಎರಡೂ ಮೈ ಹೊರಗೆ ಕಾಣುತ್ತವೆ, ಹಾಗಾಗಿ ಎರಡೂ ಕಡೆ ಚೆಂದವಿರಬೇಕು. ಇಳಕಲ್ ಸೀರೆಯ ಸೆರಗೂ ಅಷ್ಟೇ ಅಲ್ಲವೇ, ಗಾಳಿಗೆ ಹಾರಿದರೆ ಒಳಮೈ ಕಂಡೇ ಕಾಣುತ್ತದೆ.

ಆಗಿನ ಹೆಂಗಸರು ಮಾದರಿ ಬಟ್ಟೆ ಹಾಕುತ್ತಿದ್ದದ್ದು ಗೋಡೆಗಲ್ಲ. ಕಸೂತಿಯ ನಮೂನೆಗಳ ಪುಸ್ತಕ ಅಚ್ಚಾಗತೊಡಗಿದ್ದೇ 1520ರ ದಶಕದಲ್ಲಿ, ಜರ್ಮನಿಯಲ್ಲಿ. ಪುಸ್ತಕ ಬಂದ ಮೇಲೂ ಎಲ್ಲರ ಕೈಗೆ ಸಿಗುತ್ತಿರಲಿಲ್ಲ. ಯಾರದೋ ಮನೆಯಲ್ಲಿ ಚೆಂದದ ಬಳ್ಳಿ ಕಂಡಿತು, ಕೂಡಲೇ ಲಿನನ್ ತುಂಡಿನ ಮೇಲೆ ಒಂದಷ್ಟು ಹಾಕಿಟ್ಟುಕೊಂಡರು. ಪೂರ್ತಿ ಹಾಕಬೇಕೆಂದೇನಿಲ್ಲ, ಲೆಕ್ಕ ನೆನಪಾಗುವಷ್ಟು ಸಾಕು. ಬೇಕಾದಾಗ ಬಿಚ್ಚಿ ನೋಡುವುದು, ಸುತ್ತಿಡುವುದು. 17ನೇ ಶತಮಾನದ ಇಂಗ್ಲಿಷ್ ಮಾದರಿಗಳು ಅಷ್ಟು ಉದ್ದ, ಅಷ್ಟು ಕಿರಿದು ಇರುವುದು ಅದಕ್ಕೇ. ಸುತ್ತಲೂ ಅಂಚು ಕಟ್ಟಿ, ನಡುವೆ ಅಕ್ಷರಮಾಲೆ ಮತ್ತು ನೀತಿಪದ್ಯ ಇಟ್ಟು ಫ್ರೇಮಿಗೆ ಹೊಂದಿಸಿದ್ದು ಆಮೇಲೆ, ಶಾಲೆಯ ಹುಡುಗಿಯರ ಕೈಯಲ್ಲಿ. ಅಕ್ಷರ ಕಲಿಸಿದ್ದಕ್ಕೂ ಕಾರಣವಿತ್ತು: ಮನೆಯ ಹಾಸಿಗೆ ಬಟ್ಟೆ, ಒಳಬಟ್ಟೆಗಳಿಗೆ ಹೆಸರಿನ ಗುರುತು ಹಾಕಲು ಬರಬೇಕಿತ್ತು.

ಬ್ರಿಟನ್ನಿನಲ್ಲಿ ಇಸವಿ ನಮೂದಾಗಿರುವ ಅತಿ ಹಳೆಯ ಮಾದರಿ 1598ರದು. ಜೇನ್ ಬೊಸ್ಟಾಕ್ ಎಂಬಾಕೆ ತನ್ನ ಹೆಸರು ಹಾಕಿ, ಆಲಿಸ್ ಲೀ ಎಂಬ ಮಗು 1596ರ ನವೆಂಬರ್ 23ರ ಮಂಗಳವಾರ ಮಧ್ಯಾಹ್ನ ಹುಟ್ಟಿತು ಎಂದು ಹೊಲಿದಿದ್ದಾಳೆ. ಬಟ್ಟೆ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಆ ‘ಮಧ್ಯಾಹ್ನ’ ನನಗೆ ಬಲು ಇಷ್ಟ. ಹುಟ್ಟಿದ ಹೊತ್ತನ್ನೂ ಬಿಡದೆ ಬರೆದಿಡಬೇಕು ಅನ್ನಿಸುವುದು ಆ ಮಗು ಕಣ್ಣೆದುರು ಆಡಿಕೊಂಡಿದ್ದರೆ ತಾನೇ?

ಅದೇ ಮ್ಯೂಸಿಯಮ್ಮಿನಲ್ಲಿ ಇನ್ನೊಂದಿದೆ, ಅದರ ಬಗ್ಗೆ ಸ್ವಲ್ಪ ಹೊತ್ತು ಹೇಳಲೇಬೇಕು. 1830ರ ಸುಮಾರಿನದು. ಸಸೆಕ್ಸ್ ಸೀಮೆಯ ಆಶ್‌ಬರ್ನ್‌ಹ್ಯಾಮ್ ಊರಿನ ಎಲಿಜಬೆತ್ ಪಾರ್ಕರ್ ಎಂಬ ಹುಡುಗಿ ಹಾಕಿದ್ದು. ಹೂವಿಲ್ಲ, ಹಕ್ಕಿಯಿಲ್ಲ, ಅಂಚಿಲ್ಲ. ಬಿಳಿ ಲಿನನ್ನಿನ ಮೇಲೆ ಕೆಂಪು ರೇಷ್ಮೆಯಲ್ಲಿ ಸಾಲು ಸಾಲು ಅಕ್ಷರ, ಎಲ್ಲವೂ ನಮ್ಮ ಮೆಂತೆಯಂಥದ್ದೇ ಕತ್ತರಿ ಹೊಲಿಗೆ. ತನಗೆ ಬರೆಯಲು ಬಾರದು ಎಂದು ಶುರುಮಾಡಿ ತನ್ನ ಕಥೆ ಹೇಳಿಕೊಂಡಿದ್ದಾಳೆ. ಎಳೆಯ ವಯಸ್ಸಿನಲ್ಲೇ ಪರರ ಮನೆ ಚಾಕರಿಗೆ ಹೋದದ್ದು, ಅಲ್ಲಿ ಯಜಮಾನನಿಂದ ಅನುಭವಿಸಿದ ಕ್ರೌರ್ಯ, ಸಾಯಬೇಕೆನಿಸಿದ್ದು, ಆ ಯೋಚನೆಯೇ ಪಾಪವೆಂದು ದಿಗಿಲುಬಿದ್ದದ್ದು. ಕೊನೆಗೆ ತನ್ನ ಆತ್ಮದ ಗತಿಯೇನು ಎಂದು ಕೇಳುತ್ತ ಹೊಲಿಗೆ ನಿಂತುಬಿಡುತ್ತದೆ, ಕೆಳಗೆ ಬರೀ ಬಟ್ಟೆ. ಅಷ್ಟೂ ಅಕ್ಷರವನ್ನು ಕತ್ತರಿ ಹೊಲಿಗೆಯಲ್ಲಿ ಹಾಕಲು ಎಷ್ಟು ಸಹನೆ ಬೇಕು ಎಂದು ಹೊಲಿಯುವವರಿಗೆ ಗೊತ್ತು. ಆ ಸಹನೆಯೇ ಅವಳನ್ನು ಕಾಪಾಡಿತು ಎಂದು ನಾನು ನಂಬುತ್ತೇನೆ. ಆಕೆ ಮುಂದೆ ಶಾಲೆಯಲ್ಲಿ ಪಾಠ ಹೇಳಿ, 1889ರವರೆಗೂ ಬದುಕಿದಳು.

ಆ ಹುಡುಗಿಗೆ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಡುವವರು ಒಬ್ಬರಾದರೂ ಇದ್ದಿದ್ದರೆ ಅಂತ ನನ್ನ ಸಂಕಟ. ಜೊತೆಗೂಡಿ ಹೊಲಿಯುವ ಸಂಘಗಳಲ್ಲಿ ನಾನು ಮೆಚ್ಚಿದ್ದು ಹುಟ್ಟಿದ್ದು ಎಷ್ಟೋ ಆಮೇಲೆ. 1906ರಲ್ಲಿ ಲಂಡನ್ನಿನ ರಾಜಮನೆತನದ ಹೆಸರಿನ ಕಸೂತಿ ಶಾಲೆಯಲ್ಲಿ ಕಲಿತ 16 ಮಂದಿ ಸೇರಿ ಕಟ್ಟಿದ್ದು ಎಂಬ್ರಾಯ್ಡರರ್ಸ್ ಗಿಲ್ಡ್. 1958ರಲ್ಲಿ ನ್ಯೂಯಾರ್ಕಿನಲ್ಲಿ ಅದರ ಶಾಖೆ ತೆರೆಯಿತು, ಅದೇ ಮುಂದೆ ಅಮೆರಿಕದ ಸ್ವತಂತ್ರ ಗಿಲ್ಡ್ ಆಯಿತು.

ಲಂಡನ್ನಿನ ಆ ಮೂಲ ಗಿಲ್ಡಿನ ಮೊದಲ ಅಧ್ಯಕ್ಷೆ ಲೂಯಿಸಾ ಪೆಸೆಲ್ ನನಗೆ ಗುರುಸಮಾನ. ಹಳೆಯ ಇಂಗ್ಲಿಷ್ ಕಸೂತಿಯ ಹೊಲಿಗೆಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಅರ್ಥಮಾಡಿಕೊಂಡು, ನಾನು ಆಗಲೇ ಹೇಳಿದ ಆ ಮ್ಯೂಸಿಯಮ್ಮಿಗಾಗಿ ಮಾದರಿ ಬಟ್ಟೆಗಳನ್ನು ಹಾಕಿಕೊಟ್ಟವರು ಅವರು, ಬೇರೆಯವರು ನೋಡಿ ಕಲಿಯಲಿ ಎಂದು. ಮೊದಲ ಮಹಾಯುದ್ಧದಿಂದ ಮನಸ್ಸು ಘಾಸಿಗೊಂಡು ಮರಳಿದ ಸೈನಿಕರಿಗೆ ಬ್ರ್ಯಾಡ್‌ಫರ್ಡ್‌ನಲ್ಲಿ ಕಸೂತಿ ಹೇಳಿಕೊಟ್ಟರು. 1930ರ ದಶಕದಲ್ಲಿ ವಿಂಚೆಸ್ಟರ್ ಕ್ಯಾಥೆಡ್ರಲ್ಲಿಗೆ ಊರ ಹೆಂಗಸರನ್ನು ಕಲೆಹಾಕಿ, ಮಂಡಿಯೂರಿ ಪ್ರಾರ್ಥಿಸುವವರಿಗೆ ನೂರಾರು ಮೆತ್ತೆಗಳನ್ನು ಹೊಲಿಸಿದರು. ತಾನೊಬ್ಬಳೇ ಕೂತು ನಾಲ್ಕು ಅಪರೂಪದ ಮೆತ್ತೆ ಹಾಕಿ ಹೆಸರು ಗಳಿಸಬಹುದಿತ್ತು. ಹಾಗೆ ಮಾಡಲಿಲ್ಲ, ಸೂಜಿ ಹಿಡಿದು ಗೊತ್ತಿಲ್ಲದವರನ್ನೂ ಕರೆದು ಕೂರಿಸಿಕೊಂಡರು.

ಫ್ರೇಮ್ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಹಳೆಯ ಮಾದರಿಗಳಲ್ಲಿ ಎಲೆಗಳು ನೀಲಿಯಾಗಿ ಕಾಣುತ್ತವಲ್ಲ, ಅವು ಹಾಕಿದಾಗ ಹಸಿರೇ. ಹಸಿರು ಬರಲು ನೀಲಿಗೆ ಹಳದಿ ಬಣ್ಣ ಕೂಡಿಸುತ್ತಿದ್ದರು; ಬೆಳಕಿಗೆ ಹಳದಿ ಬೇಗ ಹಾರಿಹೋಗಿ ನೀಲಿ ಉಳಿಯುತ್ತದೆ. ನಿಜವಾದ ಬಣ್ಣ ನೋಡಬೇಕೆಂದರೆ ತಿರುಗಿಸಿ ನೋಡಬೇಕು, ಬೆಳಕು ತಾಗದ ಹಿಂಬದಿಯಲ್ಲಿ ಅದು ಇನ್ನೂ ಇರುತ್ತದೆ. ಹಾಲಿನ ಗೋಡೆಗೆ ಹಚ್ಚಿದ ಫ್ರೇಮು ಕಿಟಕಿಯ ಬಿಸಿಲಿಗೆ ಹಗಲಿಡೀ ಮೈಯೊಡ್ಡಿರುತ್ತದೆ.

ಹಾಗಾದರೆ ಹೇಗಿಡುವುದು ಅಂತೀರಾ? ದಪ್ಪ ರಟ್ಟಿನ ಕೊಳವೆಗೆ ತೊಳೆದು ಒಣಗಿಸಿದ ಹಳೆಯ ಬಿಳಿ ಪಂಚೆ ಸುತ್ತಿ. ಅದರ ಮೇಲೆ ಮಾದರಿ ಬಟ್ಟೆಯನ್ನು ಹೊಲಿಗೆ ಹೊರಮುಖವಾಗುವಂತೆ ಸಡಿಲವಾಗಿ ಸುತ್ತಿ. ಮಡಿಕೆ ಬೇಡ, ಮಡಿಸಿದಲ್ಲೇ ಎಳೆ ಹರಿಯುತ್ತದೆ. ನುಸಿಗುಳಿಗೆ ಬಟ್ಟೆಗೆ ತಾಗದಿರಲಿ. ವರ್ಷಕ್ಕೊಮ್ಮೆಯಾದರೂ ಹೊರಗೆ ತೆಗೆದು ನೆರಳಿನಲ್ಲಿ ಹರವಿ, ಆ ದಿನ ಓಣಿಯ ಹುಡುಗಿಯರನ್ನೂ ಕರೆಯಿರಿ. ಕೈ ತೊಳೆದುಕೊಂಡು ಬರಲಿ, ಮ್ಯಾಟಿ ಬಟ್ಟೆ ಮತ್ತು ಮೊಂಡು ಸೂಜಿ ತರಲಿ. ದಾರ ನನ್ನ ಹತ್ತಿರ ಇದೆ.