ಕೊಳದ ಉಪಚಾರ

ನ್ಯೂ ಜರ್ಸಿಯ ಮಧ್ಯಭಾಗದಲ್ಲಿ ಮನೆಯನ್ನರಸುವ ಕನ್ನಡಿಗನು ಮೊದಲು ಮಕ್ಕಳ ಶಾಲೆಯನ್ನು, ಅನಂತರ ನ್ಯೂಯಾರ್ಕಿಗೆ ಹೋಗುವ ರೈಲಿನ ನಿಲ್ದಾಣವನ್ನು, ಕಟ್ಟಕಡೆಗೆ, ಊರಿನಿಂದ ಅತ್ತೆಯವರು ಫೋನಿನಲ್ಲಿ ಅಪ್ಪಣೆ ಕೊಡಿಸಿದ ಪ್ರಕಾರ, ತಲೆಬಾಗಿಲು ಯಾವ ದಿಕ್ಕಿಗಿದೆಯೆಂಬುದನ್ನು ವಿಚಾರಿಸುತ್ತಾನೆ. ಈ ಮೂರೂ ಕೂಡಿಬಂದ ಮನೆಯ ಹಿತ್ತಿಲಿನಲ್ಲಿ ಈಜುಕೊಳವೊಂದು ಇದ್ದುಬಿಟ್ಟರೆ, ಅದೊಂದನ್ನು ಬಿಟ್ಟು ಉಳಿದುದನ್ನು ಕೊಳ್ಳುವ ಉಪಾಯವನ್ನು ಯಾವ ದಲ್ಲಾಳಿಯೂ ಇದುವರೆಗೆ ಕಂಡುಹಿಡಿದಿಲ್ಲ. ನಮಗೆ ಕೊಳ ಪ್ರಾಪ್ತವಾದದ್ದು ಹೀಗೆ. ಅದರ ಅಗಲ 16 ಅಡಿ, ಉದ್ದ 32 ಅಡಿ, ಸರಾಸರಿ ಆಳ 5 ಅಡಿ; ಹಿಡಿಯುವ ನೀರು ಸುಮಾರು 19,000 ಗ್ಯಾಲನ್, ನಮ್ಮ ಕಡೆಯ ಲೆಕ್ಕದಲ್ಲಿ 72,000 ಲೀಟರಿಗೆ ಮೇಲೆ. ಸುತ್ತಲೂ ಕಡಿಮೆಯೆಂದರೆ 48 ಅಂಗುಲ ಎತ್ತರದ ಬೇಲಿ ಇರತಕ್ಕದ್ದೆಂದೂ, ಬೇಲಿಯ ಬಾಗಿಲು ಹೊರಕ್ಕೆ ತೆರೆದುಕೊಂಡು, ತಾನಾಗಿಯೇ ಮುಚ್ಚಿಕೊಂಡು, ತಾನಾಗಿಯೇ ಚಿಲಕ ಹಾಕಿಕೊಳ್ಳತಕ್ಕದ್ದೆಂದೂ ಕಾನೂನು ವಿಧಿಸುತ್ತದೆ. ನೆರೆಮನೆಯ ಮಗು ಒಳಗೆ ನುಸುಳಬಾರದೆಂಬುದು ಅದರ ಪ್ರಕಟವಾದ ಆಶಯ. ಯಜಮಾನನು ಹೊರಗೆ ತಪ್ಪಿಸಿಕೊಂಡು ಹೋಗಬಾರದೆಂಬುದೂ ಅದರಲ್ಲಿ ಗರ್ಭಿತವಾಗಿರಬೇಕೆಂದು ನನ್ನ ಅನುಮಾನ.

2024ರ ಮೇ ತಿಂಗಳಿನಲ್ಲಿ ಅತ್ತೆ ಮಾವಂದಿರು ಬೆಂಗಳೂರಿನಿಂದ ಬಂದಿಳಿದರು. ಅದು ಬೆಂಗಳೂರು ನೀರಿಗಾಗಿ ಬಾಯಿಬಿಟ್ಟ ವರ್ಷ. ಮಾರ್ಚ್ ತಿಂಗಳಿನಲ್ಲಿ ಜಲಮಂಡಳಿಯವರು ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಕೂಡದೆಂದೂ, ಬಳಸಿದವರು 5,000 ರೂಪಾಯಿ ದಂಡ ತೆರಬೇಕೆಂದೂ ಆಜ್ಞೆ ಹೊರಡಿಸಿದ್ದರು. ಸೊಪ್ಪು ತೊಳೆದ ನೀರನ್ನು ದಾಸವಾಳದ ಗಿಡಕ್ಕೆ ಹಾಕಿ, ಟ್ಯಾಂಕರಿನವನ ಸಂಖ್ಯೆಯನ್ನು ಮೊಬೈಲಿನಲ್ಲಿ ಮಕ್ಕಳ ಸಂಖ್ಯೆಗಿಂತ ಮೇಲಿಟ್ಟುಕೊಂಡು ಆ ಬೇಸಿಗೆಯನ್ನು ದಾಟಿ ಬಂದ ಮಾವನವರು, ಪ್ರಯಾಣದ ಆಯಾಸವನ್ನೂ ಲೆಕ್ಕಿಸದೆ ನೇರವಾಗಿ ಹಿತ್ತಿಲಿಗೆ ಹೋಗಿ, ಬೇಲಿಯ ಮೇಲೆ ಕೈಯೂರಿ ನಿಂತು, ಬಹಳ ಹೊತ್ತು ನೀರನ್ನು ನೋಡಿ, “ಹನ್ನೆರಡು ಟ್ಯಾಂಕರ್” ಎಂದರು. ಆರು ಸಾವಿರ ಲೀಟರಿನ ಟ್ಯಾಂಕರೆಂದು ಲೆಕ್ಕ. ರಾತ್ರಿ ಊಟಕ್ಕೆ ಕುಳಿತಾಗ, ಸಾರಿಗೂ ಮಜ್ಜಿಗೆಗೂ ನಡುವೆ, ಯಾರೂ ಕೇಳದಿದ್ದರೂ ಮತ್ತೊಮ್ಮೆ “ಹನ್ನೆರಡು” ಎಂದರು.

ಅವರು ಜೀವಮಾನವೆಲ್ಲ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿ ನಿವೃತ್ತರಾದವರು. ಕೊಳದ ನೀರನ್ನು ಪರೀಕ್ಷಿಸುವ ನೀಲಿ ಪೆಟ್ಟಿಗೆಯನ್ನು ನಾನು ಮರುದಿನ ಅವರೆದುರು ತೆರೆದಾಗ, ಅದರೊಳಗಿನ ಗೆರೆ ಹಾಕಿದ ನಳಿಗೆಗಳನ್ನೂ, ತೊಟ್ಟು ತೊಟ್ಟಾಗಿ ಬೀಳಿಸುವ ಪುಟ್ಟ ಸೀಸೆಗಳನ್ನೂ, ಹಸಿರು ಹೋಗಿ ಕೆಂಪಾದರೆ ಕ್ಷಾರೀಯತೆ, ಕೆಂಪು ಹೋಗಿ ನೀಲಿಯಾದರೆ ಗಡಸುತನ ಎಂದು ತೊಟ್ಟುಗಳನ್ನೆಣಿಸಿ ತಿಳಿಯತಕ್ಕ ಕ್ರಮವನ್ನೂ ಕಂಡು ಅವರ ಮುಖದಲ್ಲಿ ಮೂಡಿದ ಕಳೆಯನ್ನು ನಾನು ನನ್ನ ಮದುವೆಯ ದಿನವೂ ಕಂಡಿರಲಿಲ್ಲ. “ಟೈಟ್ರೇಷನ್!” ಎಂದು ಉದ್ಗರಿಸಿದರು. ಅಂದಿನಿಂದ ಅಳಿಯನಿಗೆ ಸಲ್ಲತಕ್ಕ ಉಪಚಾರವೆಲ್ಲ ಕೊಳಕ್ಕೆ ಸಲ್ಲತೊಡಗಿತು. ಹಿಂದೆ ಬೆಳಗ್ಗೆ ಎದುರಾದರೆ “ಕಾಫಿ ಆಯಿತೆ?” ಎನ್ನುತ್ತಿದ್ದವರು ಈಗ “ಪಿ.ಎಚ್. ಎಷ್ಟಿದೆ?” ಎನ್ನತೊಡಗಿದರು. ಅದು 7.2ರಿಂದ 7.8ರ ಒಳಗಿರಬೇಕು. ಈ ಮಾನವನ್ನು 1909ರಲ್ಲಿ ಲೋಕಕ್ಕೆ ಕೊಟ್ಟ ಸೊರೆನ್ಸೆನ್ ಎಂಬ ಡೆನ್ಮಾರ್ಕಿನ ವಿದ್ವಾಂಸನು ಕಾರ್ಲ್ಸ್‌ಬರ್ಗ್ ಬಿಯರು ತಯಾರಕರ ಪ್ರಯೋಗಶಾಲೆಯಲ್ಲಿದ್ದವನೆಂಬ ಸಂಗತಿಯನ್ನು ಮಾವನವರು ಅಷ್ಟೂ ವರ್ಷ ವಿದ್ಯಾರ್ಥಿಗಳಿಂದ ಮುಚ್ಚಿಟ್ಟಿದ್ದರಂತೆ. ನನಗೂ ಅದನ್ನು ಅತ್ತೆಯವರು ಅಡಿಗೆಮನೆಯಲ್ಲಿದ್ದ ಹೊತ್ತು ನೋಡಿಕೊಂಡು, ತಗ್ಗಿದ ದನಿಯಲ್ಲಿ ತಿಳಿಸಿದರು.

ಅತ್ತೆಯವರಿಗೆ ಕೊಳದ ವಾಸನೆ ಸೇರದು. “ಔಷಧಿ ಜಾಸ್ತಿ ಹಾಕಿದ್ದೀರಿ” ಎಂಬುದು ಅವರ ಆಕ್ಷೇಪ. ವಾಸ್ತವವಾಗಿ, ಮೂಗಿಗೆ ಹೊಡೆಯುವ ಆ ವಾಸನೆ ಕ್ಲೋರಿನ್ ಹೆಚ್ಚಾದುದರ ಲಕ್ಷಣವಲ್ಲ, ಸಾಲದೆ ಹೋದುದರ ಲಕ್ಷಣ. ಈಜುವವರ ಬೆವರು, ಮತ್ತು ಶಿಷ್ಟರ ಸಭೆಯಲ್ಲಿ ಹೆಸರಿಸಬಾರದ ಇನ್ನೊಂದು ದ್ರವ, ಇವುಗಳಲ್ಲಿರುವ ಸಾರಜನಕದ ಅಂಶದೊಡನೆ ಕ್ಲೋರಿನ್ ಕೂಡಿ ಕ್ಲೋರಮೀನ್ ಎಂಬ ಸಂಯುಕ್ತವಾಗುತ್ತದೆ. ನಾರುವುದೂ ಕಣ್ಣುರಿಸುವುದೂ ಅದು. ಅದನ್ನು ಒಡೆಯುವುದಕ್ಕೆ ಇನ್ನಷ್ಟು ಕ್ಲೋರಿನ್ನನ್ನೇ ಸುರಿಯಬೇಕು. ಮಾವನವರು ಇದನ್ನು ವಿವರಿಸುತ್ತ ರಸಾಯನಶಾಸ್ತ್ರದಿಂದ ಸಾಹಿತ್ಯಕ್ಕೆ ಹೊರಳಿ, ವೈಶಂಪಾಯನ ಸರೋವರದಲ್ಲಿ ಅವಿತಿದ್ದ ಸುಯೋಧನನು ಭೀಮನ ಗರ್ಜನೆಗೆ ನೀರೊಳಗಿದ್ದೂ ಬೆವತನೆಂದು ರನ್ನನು ವರ್ಣಿಸಿದ್ದಾನಷ್ಟೆ, ಆ ಸರೋವರಕ್ಕೆ ಯಾರಾದರೂ ಕ್ಲೋರಿನ್ ಹಾಕಿದ್ದಿದ್ದರೆ ಭೀಮನು ಒಮ್ಮೆ ಕೂಗಿದ್ದರೆ ಸಾಕಾಗಿತ್ತು, ಉಳಿದುದನ್ನು ಮೂಗೇ ತೋರಿಸಿಕೊಡುತ್ತಿತ್ತು ಎಂದರು. ಅತ್ತೆಯವರು ನಗಲಿಲ್ಲ. ಆಗ ನಾನು, 1908ರಲ್ಲಿ ಜಾನ್ ಲೀಲ್ ಎಂಬ ವೈದ್ಯರು ಇದೇ ನ್ಯೂ ಜರ್ಸಿಯ ಬೂನ್‌ಟನ್ ಜಲಾಶಯದಲ್ಲಿ ಜರ್ಸಿ ಸಿಟಿಯ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸತೊಡಗಿದರೆಂದೂ, ಊರೊಂದರ ನೀರಿಗೆ ನಿರಂತರವಾಗಿ ಹೀಗೆ ಬೆರೆಸಿದ್ದು ಈ ದೇಶದಲ್ಲಿ ಅದೇ ಮೊದಲೆಂದೂ, ಅದರ ಮೇಲಿನ ವ್ಯಾಜ್ಯದಲ್ಲಿ ನ್ಯಾಯಾಲಯದಲ್ಲಿ ಕೊನೆಗೆ ವೈದ್ಯರ ಪಕ್ಷವೇ ಗೆದ್ದಿತೆಂದೂ ನಿವೇದಿಸಿದೆ. “ನ್ಯಾಯಾಧೀಶರನ್ನು ಕೇಳಿದರು, ಸರಿ; ಆ ವೈದ್ಯರ ಹೆಂಡತಿಯನ್ನು ಕೇಳಿದರೇನು?” ಎಂದರು ಅತ್ತೆಯವರು. ಅಡಿಗೆ ಸೋಡಾದ ವಿಷಯದಲ್ಲೂ ಅವರ ನಿಲುವು ಇಷ್ಟೇ ಸ್ಪಷ್ಟವಾಗಿತ್ತು. ಕ್ಷಾರೀಯತೆ ಇಳಿದಾಗ ಅದನ್ನು ಏರಿಸುವುದಕ್ಕೆ ಕೊಳಕ್ಕೆ ಹಾಕುವುದು ಅದೇ ಸೋಡಾ, ಪೌಂಡುಗಟ್ಟಲೆ ಹಾಕಬೇಕು. ಚಿಟಿಕೆಯ ಲೆಕ್ಕದಲ್ಲಿ ಬದುಕು ಸಾಗಿಸಿದ ಅವರು, ನಾನು ಚೀಲವನ್ನೇ ಬಗ್ಗಿಸಿ ಸುರಿಯುವುದನ್ನು ನೋಡಿ, ಇಷ್ಟರಲ್ಲಿ ಮಲ್ಲೇಶ್ವರಕ್ಕೆ ಮಲ್ಲೇಶ್ವರವೇ ಬೋಂಡಾ ತಿನ್ನಬಹುದಾಗಿತ್ತೆಂದು ನಿಟ್ಟುಸಿರಿಟ್ಟರು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕರಿಚುಕ್ಕೆಯ ಪರೀಕ್ಷೆ. ಬಿಸಿಲು ಬಿದ್ದರೆ ಕ್ಲೋರಿನ್ ಕೆಲವೇ ಗಂಟೆಗಳಲ್ಲಿ ನಾಶವಾಗುವುದರಿಂದ ಅದರ ರಕ್ಷಣೆಗೆ ಸಯನೂರಿಕ್ ಆಮ್ಲವೆಂಬುದನ್ನು ಹಾಕುತ್ತಾರೆ. ದಶಲಕ್ಷಕ್ಕೆ 30ರಿಂದ 50 ಅಂಶವಿದ್ದರೆ ಕ್ಷೇಮ. ಮಿತಿಮೀರಿದರೆ ರಕ್ಷಕನೇ ಭಕ್ಷಕನಾಗಿ ಕ್ಲೋರಿನ್ನಿನ ಕೈಕಟ್ಟಿಹಾಕುತ್ತದೆ. ನಾವು ತೇಲಿಬಿಡುವ ಕ್ಲೋರಿನ್ ಬಿಲ್ಲೆಗಳಲ್ಲಿಯೂ ಅದು ಸೇರಿರುವುದರಿಂದ ಬೇಸಿಗೆಯುದ್ದಕ್ಕೂ ಏರುತ್ತಲೇ ಹೋಗುತ್ತದೆ. ಇಳಿಸುವುದಕ್ಕೆ ನೀರನ್ನು ಹೊರಚೆಲ್ಲಿ ಹೊಸ ನೀರು ತುಂಬುವುದೇ ರೂಢಿಯ ಮಾರ್ಗ. ಈ ಆಮ್ಲವನ್ನು ಅಳೆಯುವುದಕ್ಕೆ, ತೆಗೆದುಕೊಂಡ ಕೊಳದ ನೀರಿಗೆ ಪರೀಕ್ಷೆಯ ಔಷಧಿ ಬೆರೆಸಿದರೆ ಅದು ಬೆಳ್ಳಗೆ ಕದಡುತ್ತದೆ. ಆ ಕದಡನ್ನು, ತಳದಲ್ಲಿ ಕರಿಚುಕ್ಕೆಯಿರುವ ನಳಿಗೆಗೆ ಮೆಲ್ಲಮೆಲ್ಲನೆ ಹೊಯ್ಯುತ್ತ ಮೇಲಿನಿಂದ ಇಣುಕಬೇಕು. ಚುಕ್ಕೆ ಕಣ್ಮರೆಯಾದ ಗೆರೆಯೇ ಉತ್ತರ. ಚುಕ್ಕೆ ಬೇಗ ಮರೆಯಾದರೆ ಆಮ್ಲ ಹೆಚ್ಚು. ಜುಲೈ ತಿಂಗಳಲ್ಲಿ ನಾನು ಇಣುಕಿದಾಗ ಎಪ್ಪತ್ತರ ಗೆರೆಯಲ್ಲಿ ಚುಕ್ಕೆ ಮಾಯವಾಯಿತು. ನನ್ನ ಹೆಂಡತಿ ಅರುವತ್ತು ಎಂದಳು. ಎರಡು ಕಣ್ಣಿಗೂ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಾವನವರು ನಳಿಗೆಯನ್ನು ಸೊಂಟದ ಮಟ್ಟಕ್ಕೆ ಹಿಡಿದು, ಸೂರ್ಯನಿಗೆ ಬೆನ್ನು ಕೊಟ್ಟು, “ಕಾಣುತ್ತಿದೆ, ಹಾಕಿ” ಎಂದರು. ಐವತ್ತರಲ್ಲಿಯೂ “ಕಾಣುತ್ತಿದೆ” ಎಂದರು. ನಲವತ್ತಕ್ಕೆ ಬಂದಾಗ, “ಸ್ವಲ್ಪ ಮಸುಕು, ಆದರೆ ಕಾಣುತ್ತಿದೆ” ಎಂದರು. ಅದು ದೃಷ್ಟಿಯ ಪಾಟವವಲ್ಲವೆಂದು ನಮಗೆ ಆಮೇಲೆ ಹೊಳೆಯಿತು: ಎಪ್ಪತ್ತು ನಿಜವಾದರೆ ಮೂರು ನಾಲ್ಕು ಟ್ಯಾಂಕರಿನಷ್ಟು ನೀರು ಚರಂಡಿಯ ಪಾಲಾಗಬೇಕಾಗಿತ್ತು; ಬೆಂಗಳೂರಿನಲ್ಲಿ ಬಾಳಿದ ಯಾವ ಕಣ್ಣು ತಾನೇ ಆ ಚುಕ್ಕೆಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟೀತು?

ದಿನನಿತ್ಯದ ಕೈಂಕರ್ಯಗಳನ್ನು, ಎಂದರೆ ಎಲೆ ಹಿಡಿಯುವ ಬುಟ್ಟಿಯನ್ನು ಬರಿದುಮಾಡುವುದು, ಗೋಡೆಯನ್ನು ಬ್ರಷ್ಷಿನಿಂದ ಉಜ್ಜುವುದು, ಮರಳಿನ ಫಿಲ್ಟರಿಗೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವುದು, ಇವನ್ನು ವಿಸ್ತರಿಸಿ ಓದುಗರನ್ನು ದಣಿಸಲಾರೆ. ಒಬ್ಬರು ದಣಿದಿರುವುದು ಸಾಕು. ಆದರೆ ಹಸಿರಿನ ಪ್ರಸಂಗವನ್ನು ಬಿಡುವಂತಿಲ್ಲ. ಊರಿನಿಂದ ಹಿರಿಯರು ಬಂದರೆ ಅವರಿಗೆ ನಯಾಗರವನ್ನು ತೋರಿಸದೆ ಹಿಂದಕ್ಕೆ ಕಳುಹಿಸಿದ ಅಮೇರಿಕದ ಕನ್ನಡಿಗನನ್ನು ನಾನು ಕಂಡಿಲ್ಲ. ನಾವು ಹೋಗಿ, ಮಾವನವರು ಆ ಜಲರಾಶಿಯನ್ನು ಟ್ಯಾಂಕರಿಗೆ ಪರಿವರ್ತಿಸುವ ಪ್ರಯತ್ನವನ್ನು ಕೈಬಿಟ್ಟು ಮೌನವಾದದ್ದನ್ನು ಕಣ್ಣಾರೆ ನೋಡಿ ಹಿಂತಿರುಗುವಷ್ಟರಲ್ಲಿ, ಬಿಸಿಲೂ ಮಳೆಯೂ ಕೂಡಿ ಕೊಳದಲ್ಲಿ ಪಾಚಿ ಹಬ್ಬಿ ನೀರೆಲ್ಲ ಹಚ್ಚಹಸುರಾಗಿತ್ತು. ಮೆಟ್ಟಿಲಿನ ಮೇಲೆ ಕಪ್ಪೆಯೊಂದು ಕುಳಿತಿತ್ತು. ಅತ್ತೆಯವರು ಆ ಕೊಳವನ್ನು ಮೆಚ್ಚಿದ್ದು ಅದೊಂದು ಸಲವೇ. “ಈಗ ನೋಡಿ, ಕೆರೆ ಅನ್ನೋ ಹಾಗಿದೆ” ಎಂದರು. ಅವರ ಮೆಚ್ಚುಗೆಯ ನಡುವೆಯೇ ನಾವು, ಬಿಸಿಲು ಕ್ಲೋರಿನ್ನನ್ನು ತಿಂದುಹಾಕದಂತೆ ಸೂರ್ಯಾಸ್ತಮಾನವಾದ ಮೇಲೆ, ದ್ರವರೂಪದ ಕ್ಲೋರಿನ್ನಿನ ಕ್ಯಾನುಗಳನ್ನು ಸುರಿದು, ಹಗಲೂ ರಾತ್ರಿಯೂ ಪಂಪನ್ನು ಓಡಿಸಿ, ಹಸಿರು ಬೂದಿಯಾಗಿ, ಬೂದಿ ಹಾಲುಬಿಳುಪಾಗಿ, ಕೊನೆಗೆ ತಳದ ಗೆರೆಗಳು ಕಾಣಿಸುವವರೆಗೆ ಫಿಲ್ಟರನ್ನು ತೊಳೆಯುತ್ತಲೇ ಇದ್ದೆವು. ಕಪ್ಪೆಯನ್ನು ಅತ್ತೆಯವರ ಅಪ್ಪಣೆಯ ಮೇರೆಗೆ ಬಕೆಟ್ಟಿನಲ್ಲಿ ಪಕ್ಕದ ಹಳ್ಳಕ್ಕೆ ಮುಟ್ಟಿಸಲಾಯಿತು.

ಇಷ್ಟೆಲ್ಲ ಆದ ಮೇಲೆ ಅದರಲ್ಲಿ ಈಜುವವರು ಯಾರು? ಮಗನು ರಜೆಯ ಮೊದಲ ವಾರಗಳಲ್ಲಿ ಸ್ನೇಹಿತರೊಡನೆ ಧುಮುಕಿ, ಅನಂತರ ನೀರು ತಣ್ಣಗಿದೆಯೆಂಬ ಕಾರಣದಿಂದ ಏರ್‌ಕಂಡೀಷನ್ ಕೋಣೆಯನ್ನು ಸೇರಿದ. ಹೆಂಡತಿಗೆ ತಲೆಗೂದಲಿನ ಚಿಂತೆ. ನನಗೆ ಕೊಳವನ್ನು ಉಜ್ಜಿ ಮುಗಿಸುವ ಹೊತ್ತಿಗೆ ಸ್ನಾನಮಾಡಿ ಮಲಗುವುದನ್ನು ಬಿಟ್ಟು ಬೇರೆ ಅಪೇಕ್ಷೆ ಉಳಿಯುತ್ತಿರಲಿಲ್ಲ. ಮನೆಯಲ್ಲಿ ನಿಜವಾಗಿ ಈಜಬಲ್ಲವರು, ಬಾಲ್ಯದಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತ ಮಾವನವರೊಬ್ಬರೇ. ಅವರೋ, ನೀರಿನಲ್ಲಿ ಏನೇನಿದೆಯೆಂದು ತೊಟ್ಟು ತೊಟ್ಟಾಗಿ ಬಲ್ಲವರಾದ ಕಾರಣ, ಕಾಲನ್ನೂ ಅದ್ದಲೊಲ್ಲರು.

ಸೆಪ್ಟೆಂಬರಿನಲ್ಲಿ ಗಣೇಶ ಬಂದ. ಹಿತ್ತಿಲಿನಲ್ಲಿ ಕೊಳವಿದೆಯೆಂದ ಮೇಲೆ ಸುತ್ತಲಿನ ಕನ್ನಡದ ಮನೆಗಳಿಗೆಲ್ಲ ಅದೇ ಕೆರೆ. “ನಾವೂ ನಿಮ್ಮಲ್ಲಿಗೇ ಬಂದುಬಿಡುತ್ತೇವೆ, ಹೇಗೂ ಮೊಸರನ್ನ ತರುತ್ತೇವೆ” ಎಂಬ ಸಂದೇಶಗಳು ಚೌತಿಗೆ ಮೊದಲೇ ಬರತೊಡಗಿದವು. ಬೇಡವೆಂದರೆ ವಿಘ್ನೇಶ್ವರನ ಕೋಪ. ಹೂಂ ಎಂದರೆ ಫಿಲ್ಟರಿನ ತುಂಬ ಜೇಡಿಮಣ್ಣು. ಪಟಿಕ ಹಾಕಿದರೆ ಮಣ್ಣೆಲ್ಲ ತಳಕ್ಕಿಳಿಯುತ್ತದೆಂದು ಅತ್ತೆಯವರು ಸೂಚಿಸಿದರು; ಕೊಳದ ಅಂಗಡಿಯಲ್ಲಿ ಅಂಥದನ್ನೇ ಬೇರೆ ಹೆಸರಿನಲ್ಲಿ, ಬೇರೆ ಬೆಲೆಗೆ ಮಾರುತ್ತಾರಾದ್ದರಿಂದ ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ; ಆದರೆ ತಳಕ್ಕಿಳಿದುದನ್ನು ಹೀರಿ ಹೊರಹಾಕುವಾಗ ಅದರೊಡನೆ ಹೋಗುವ ನೀರಿನ ಲೆಕ್ಕ ಮಾವನವರ ಮನಸ್ಸಿನಲ್ಲಿ ಆಗಲೇ ಆಗಿತ್ತು. ದೊಡ್ಡದೊಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರ್ಧ ನೀರು ತುಂಬಿ, ಅದನ್ನು ಕೊಳದ ನೀರಿನ ಮೇಲೆ ತೇಲಿಬಿಟ್ಟು, ಗಣೇಶನನ್ನು ಬಕೆಟ್ಟಿನೊಳಗೆ ವಿಸರ್ಜಿಸತಕ್ಕದ್ದೆಂದು ಅವರು ತೀರ್ಮಾನವಿತ್ತರು. ಜಲಾಶಯದ ಮಧ್ಯದಲ್ಲಿ ವಿಸರ್ಜನೆಯಾಯಿತೆಂದು ಧರ್ಮಕ್ಕೂ, ಒಂದು ಕಣ ಮಣ್ಣೂ ಸೋಕಲಿಲ್ಲವೆಂದು ಫಿಲ್ಟರಿಗೂ ಸಮಾಧಾನವಾಯಿತು. ಸರತಿಯ ಮೇಲೆ ಒಂದೊಂದು ಮನೆಯ ಗಣೇಶನೂ ಅದೇ ಬಕೆಟ್ಟನ್ನು ಹತ್ತಿದ.

ಇನ್ನು ಹೊದಿಕೆ. ಇಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಕೊಳವೆಗಳು ಸೀಳುವುದರಿಂದ, ಶರತ್ಕಾಲದಲ್ಲಿ ನೀರಿನ ಮಟ್ಟವನ್ನು ಇಳಿಸಿ, ಕೊಳವೆಗಳಲ್ಲಿ ಉಳಿದ ನೀರನ್ನು ಗಾಳಿಯ ಯಂತ್ರದಿಂದ ಊದಿಸಿ, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವವನ್ನು ಹೊಯ್ದು, ರಬ್ಬರು ಬಿರಡೆಗಳನ್ನು ಜಡಿದು, ಕೊಳವನ್ನು ಮುಚ್ಚಬೇಕು. ಮುಚ್ಚುವವನು ನಮಗೆ ಕೊಟ್ಟ ದಿನ ಆಶ್ವಯುಜ ಬಹುಳ ತ್ರಯೋದಶಿಯಾಗಿತ್ತು. ಅಂದು ನಮ್ಮಲ್ಲಿ ನೀರು ತುಂಬುವ ಹಬ್ಬ. ಬಚ್ಚಲುಮನೆಯ ಹಂಡೆಯನ್ನು ಬೆಳಗಿ, ಹೊಸ ನೀರು ತುಂಬಿ ಪೂಜಿಸತಕ್ಕ ದಿನ. ಜಗತ್ತಿನ ಕನ್ನಡಿಗರೆಲ್ಲ ನೀರು ತುಂಬುವ ಹೊತ್ತಿನಲ್ಲಿ ತಮ್ಮ ಮಗಳ ಮನೆಯಲ್ಲಿ ನೀರನ್ನು ಹೊರಗೆ ಚೆಲ್ಲುವುದನ್ನು ಅತ್ತೆಯವರು ಹೇಗೆ ಸಹಿಸಿಯಾರು? ಸಂಜೆಯ ಪೂಜೆಯನ್ನು ಬೆಳಗ್ಗೆಗೇ ಎಳೆದುಕೊಂಡು, ಸ್ಟೀಲಿನ ಬಿಂದಿಗೆಯೊಂದನ್ನು ನಲ್ಲಿಯಲ್ಲಿ ತುಂಬಿಸಿ ಕುಂಕುಮವಿಟ್ಟು ಪೂಜೆ ಮುಗಿಸುವ ತನಕ ಪಂಪನ್ನು ಮುಟ್ಟಕೂಡದೆಂದು ಕಟ್ಟುಮಾಡಿದರು. ಮುಚ್ಚಲು ಬಂದವನು ಗಂಟೆಯ ಲೆಕ್ಕದವನಾದ್ದರಿಂದ ಚಕ್ಕುಲಿ ತಿನ್ನುತ್ತ ಶಾಂತನಾಗಿ ಕಾದ. ಅನಂತರ ಒಂದು ಅಡಿ ನೀರು, ಎಂದರೆ ಸುಮಾರು 14,500 ಲೀಟರು, ಹುಲ್ಲಿನ ಮೇಲೆ ಹರಿದುಹೋಯಿತು. ಮಾವನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವರು ಹೊರಗೆ ಬಂದಾಗ ಹೊದಿಕೆ ಬಿಗಿಯುವ ಕೆಲಸ ನಡೆದಿತ್ತು. ಮಳೆ ಇಳಿಯುವಂತೆ ನೇಯ್ದ ದಪ್ಪ ಬಲೆಬಟ್ಟೆ. ಅದರ ಪಟ್ಟಿಗಳ ತುದಿಯಲ್ಲಿ ಸ್ಪ್ರಿಂಗುಗಳು. ನೆಲದಲ್ಲಿ ಹುದುಗಿದ ಹಿತ್ತಾಳೆಯ ಗೂಟಗಳಿಗೆ ಒಂದೊಂದನ್ನೂ ಎಳೆದು ಸಿಕ್ಕಿಸಿದ ಮೇಲೆ ಕೊಳವಿದ್ದ ಜಾಗದಲ್ಲಿ ಸುಕ್ಕಿಲ್ಲದ ವಿಶಾಲವಾದ ಬಯಲು ಉಂಟಾಯಿತು. ಅತ್ತೆಯವರು ಅದನ್ನು ಒಂದು ಸುತ್ತು ಬಂದರು. ಅಂಚನ್ನು ಕೈಯಿಂದ ಒತ್ತಿ ನೋಡಿದರು. ಬಿಸಿಲು ಎಷ್ಟು ಹೊತ್ತು ಬೀಳುತ್ತದೆಂದು ಮಗಳನ್ನು ಕೇಳಿದರು.

“ಇದು ಎಷ್ಟು ಭಾರ ತಡೆಯುತ್ತದೆ?”

ಇಂಥ ಹೊದಿಕೆಗೆ 485 ಪೌಂಡು, ಎಂದರೆ 220 ಕಿಲೋ, ಇಬ್ಬರು ದೊಡ್ಡವರೂ ಒಂದು ಮಗುವೂ ಬಿದ್ದರೂ ತಡೆಯಬೇಕೆಂಬ ಕಟ್ಟಳೆಯಿದೆಯೆಂದು ನಾನು ಹೇಳಿದೆ.

“ಹಾಗಾದರೆ ಮುಂದಿನ ಸಲ ಏಪ್ರಿಲ್ಲಿಗೇ ಟಿಕೆಟ್ ತೆಗೆಸಿ. ನೀವು ಇದನ್ನು ತೆಗೆಯುವುದು ಮೇ ಕೊನೆಗೆ ತಾನೆ? ಹಳೇ ಪಂಚೆ ಹಾಸಿ ಇಡೀ ವರ್ಷದ ಸಂಡಿಗೆ ಇಟ್ಟುಬಿಡಬಹುದು.”

ಮಾವನವರ ಮುಖ ಅರಳಿತು. ಒದ್ದೆ ಸಂಡಿಗೆಯ ತೂಕ ಬೇರೆ, ಒಣಗಿದ ಸಂಡಿಗೆಯ ತೂಕ ಬೇರೆ ಎಂದು ಜೇಬಿನಿಂದ ಕಾಗದ ಪೆನ್ನು ತೆಗೆದು ಗುಣಾಕಾರ ಆರಂಭಿಸಿದರು. ಅಂಚಿನಲ್ಲಾದರೆ ನಿಂತಲ್ಲಿಂದಲೇ ಇಡಬಹುದು, ಆದರೆ ನಡುಭಾಗಕ್ಕೆ ಹೋಗಿ ಇಡುವವರೂ ಒಬ್ಬರು ಬೇಕಲ್ಲ ಎಂದು ತಲೆಯೆತ್ತಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಿಮ್ಮ ತೂಕ ಎಷ್ಟು?” ಎಂದು ಕೇಳಿದರು. ಬಂದಿಳಿದಂದಿನಿಂದ ಅವರು ನನ್ನ ದೇಹಸ್ಥಿತಿಯನ್ನು ವಿಚಾರಿಸಿದ್ದು ಅದೇ ಮೊದಲು.